ತಾರೆಯ ಎದುರು ಕೂತವರು: ಸಿನಿಮಾ ವರದಿಗಾರಿಕೆಯ ತಪ್ಪು ಕಲ್ಪನೆಗಳು ಮತ್ತು ಸತ್ಯ

ಚಿತ್ರಗಳ ತಯಾರಿಕೆ, ಬಿಡುಗಡೆ, ವ್ಯಾಪಾರ ಮತ್ತು ಅವುಗಳಲ್ಲಿ ದುಡಿಯುವವರ ಬಗ್ಗೆ ಸುದ್ದಿ ಸಂಗ್ರಹಿಸಿ ಬರೆಯುವ ಕೆಲಸವೇ ಸಿನಿಮಾ ವರದಿಗಾರಿಕೆ. ಪತ್ರಿಕಾ ಕಚೇರಿಗಳಲ್ಲಿ ಇದನ್ನು ಸಿನಿಮಾ ಬೀಟ್ ಎನ್ನುತ್ತಾರೆ. ಅನೇಕ ಕಡೆ ಇದು ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರ ಪಾಲಿಗೆ ಬರುತ್ತದೆ. ಸಿನಿಮಾಕ್ಕೇ ಮೀಸಲಾದ ಪತ್ರಿಕೆಗಳ ಇತಿಹಾಸ ನೂರು ವರ್ಷ ದಾಟಿದೆ. ಅಮೆರಿಕದ ‘ಫೋಟೊಪ್ಲೇ’ ಶುರುವಾದದ್ದು 1911ರಲ್ಲಿ. ಬಾಬುರಾವ್ ಪಟೇಲರ ‘ಫಿಲ್ಮ್‌ಇಂಡಿಯಾ’ 1935ರಲ್ಲಿ, ‘ಫಿಲ್ಮ್‌ಫೇರ್’ 1952ರಲ್ಲಿ ಬೊಂಬಾಯಿಯಿಂದ ಹೊರಬಂದವು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್‌ನಲ್ಲಿ ತೆರೆಕಂಡಿತು. ಮುಂದಿನ ದಶಕಗಳಲ್ಲಿ ‘ರೂಪತಾರಾ’ದಂಥ ಮಾಸಿಕಗಳೂ ದಿನಪತ್ರಿಕೆಗಳ ಶುಕ್ರವಾರದ ಸಿನಿಮಾ ಪುಟಗಳೂ ಕನ್ನಡಿಗರ ಓದಿನ ಭಾಗವಾದವು.

ಈ ಬೀಟ್‌ನಲ್ಲಿ ಹರೆಯ ಕಳೆದ ಪತ್ರಕರ್ತರು ಮುಂದೆ ಬರೆಯುವ ನೆನಪುಗಳಿಗೆ ಎಲ್ಲ ಭಾಷೆಗಳಲ್ಲೂ ಓದುಗರಿದ್ದಾರೆ. ಆ ಬರಹಗಳಲ್ಲಿ ಎದ್ದು ಕಾಣುವುದು ಭೇಟಿಯ ಗಳಿಗೆ ಮಾತ್ರ. ಅದಕ್ಕೆ ಮೊದಲಿನ ಕಾಯುವಿಕೆ, ಅದರ ನಂತರದ ಪರಿಶೀಲನೆ, ನಡುವೆ ನಿಂತ ಜನ ಇವ್ಯಾವುವೂ ಕಾಣುವುದಿಲ್ಲ. ಕೆಳಗಿನ ತಪ್ಪು ಕಲ್ಪನೆಗಳಲ್ಲಿ ಹೆಚ್ಚಿನವು ಹುಟ್ಟುವುದು ಹೀಗೆ ಮರೆಯಾದ ಭಾಗದಿಂದ.

“ವರದಿಗಾರರಿಗೆ ತಾರೆಯರು ಸುಲಭವಾಗಿ ಸಿಗುತ್ತಾರೆ”

ನಟನ ಮನೆಯ ಹಜಾರದಲ್ಲಿ ಕಾಫಿ ಕುಡಿಯುತ್ತ ಗಂಟೆಗಟ್ಟಲೆ ಮಾತಾಡುವ ವರದಿಗಾರ ಓದುಗರ ಕಲ್ಪನೆಯಲ್ಲಿದ್ದಾನೆ. ಅಂಥ ಭೇಟಿಗಳು ಇಲ್ಲವೆಂದಲ್ಲ, ಅಪರೂಪ. ಬೆಂಗಳೂರಿನ ಸಿನಿಮಾ ವರದಿಗಾರರ ದಿನ ಸಾಗುವುದು ಒಂದು ಪ್ರೆಸ್ ಮೀಟ್‌ನಿಂದ ಇನ್ನೊಂದು ಪ್ರೆಸ್ ಮೀಟ್‌ಗೆ. ಒಂದೇ ಚಿತ್ರಕ್ಕೆ ಮುಹೂರ್ತದ ದಿನ ಒಂದು, ಸೆಟ್‌ನಲ್ಲಿ ಒಂದು, ಕುಂಬಳಕಾಯಿ ಒಡೆದಾಗ ಮತ್ತೊಂದು, ಆಮೇಲೆ ಟೀಸರ್‌ಗೆ, ಹಾಡುಗಳಿಗೆ, ಟ್ರೇಲರ್‌ಗೆ, ಚಿತ್ರ ಓಡಿದರೆ ಸಕ್ಸಸ್ ಮೀಟ್. ವೇದಿಕೆಯ ಮೇಲೆ ಸಾಲಾಗಿ ಕೂತವರು ಒಬ್ಬರಾದ ಮೇಲೊಬ್ಬರು ಮೈಕು ಹಿಡಿಯುತ್ತಾರೆ. ನಾಯಕನ ಸರದಿ ಬರುವುದು ಹೆಚ್ಚಾಗಿ ಕೊನೆಗೆ. ಅದು ಮುಗಿಯುತ್ತಿದ್ದಂತೆ ಟಿವಿ ಚಾನೆಲ್‌ನವರು ಬೈಟ್‌ಗಾಗಿ ಮುತ್ತಿಕೊಳ್ಳುತ್ತಾರೆ. ಪತ್ರಿಕೆಯಿಂದ ಬಂದ ಹೊಸಬರಿಗೆ ಆ ನೂಕುನುಗ್ಗಲಿನಲ್ಲಿ ಒಂದೋ ಎರಡೋ ಪ್ರಶ್ನೆ ಕೇಳಲು ಸಿಕ್ಕರೆ ಅದೇ ದೊಡ್ಡದು.

ಭೇಟಿಗಳನ್ನು ಏರ್ಪಡಿಸುವವರು ಚಿತ್ರದ ಪ್ರಚಾರ ನೋಡಿಕೊಳ್ಳುವ ಪಿಆರ್‌ಓಗಳು. ಕನ್ನಡ ಚಿತ್ರರಂಗದ ಮೊದಲ ಪಿಆರ್‌ಓ ಎಂದು ಹೆಸರಾದವರು ಡಿ.ವಿ. ಸುಧೀಂದ್ರ. ಅವರು 1976ರಲ್ಲಿ ಶ್ರೀ ರಾಘವೇಂದ್ರ ಚಿತ್ರವಾಣಿ ಸಂಸ್ಥೆಯನ್ನು ಕಟ್ಟಿ, ಚಿತ್ರಗಳ ಮಾಹಿತಿ ಮತ್ತು ಫೋಟೊಗಳನ್ನು ಪತ್ರಿಕಾ ಕಚೇರಿಗಳಿಗೆ ತಲುಪಿಸುವ ಕೆಲಸಕ್ಕೆ ಒಂದು ಕ್ರಮ ತಂದರು. ಪಿಆರ್‌ಓ ಅಡ್ಡಗೋಡೆ ಎಂಬ ಮಾತನ್ನು ಹೊಸ ವರದಿಗಾರರು ಆಡುವುದುಂಟು. ವಾಸ್ತವದಲ್ಲಿ ಯಾರ ಪರಿಚಯವೂ ಇಲ್ಲದೆ ಬೀಟ್‌ಗೆ ಬಂದವರಿಗೆ ಮೊದಲ ದೂರವಾಣಿ ಸಂಖ್ಯೆ, ಮೊದಲ ಸೆಟ್ ಭೇಟಿ ಎಲ್ಲವೂ ಸಿಗುವುದು ಅವರಿಂದಲೇ. ಆದರೆ ಅವರಿಗೆ ಸಂಬಳ ಕೊಡುವವನು ನಿರ್ಮಾಪಕ, ಓದುಗನಲ್ಲ. ಆದ್ದರಿಂದ ಅವರು ಕೊಟ್ಟ ಪ್ರಕಟಣೆ ವರದಿಗೆ ಆರಂಭ ಮಾತ್ರ. ಅದನ್ನೇ ಹೆಸರು ಬದಲಿಸಿ ಅಚ್ಚಿಗೆ ಕಳಿಸುವುದು ಪ್ರಚಾರ, ವರದಿಯಲ್ಲ. ಈ ಗೆರೆಯನ್ನು ಡೆಸ್ಕ್‌ನಲ್ಲಿರುವ ಹಿರಿಯರು ಮೊದಲ ತಿಂಗಳಲ್ಲೇ ತೋರಿಸಿಕೊಡಬೇಕು. ಎಷ್ಟೋ ಕಡೆ ಯಾರೂ ತೋರಿಸುವುದಿಲ್ಲ ಎಂಬುದು ಈ ವೃತ್ತಿಯ ನಿಜವಾದ ಕೊರತೆ.

ಹಾಲಿವುಡ್‌ನಲ್ಲಿ ಈ ವ್ಯವಸ್ಥೆ ಇನ್ನೂ ಬಿಗಿ. ಬಿಡುಗಡೆಗೆ ಮುನ್ನ ಹೋಟೆಲೊಂದರಲ್ಲಿ ಜಂಕೆಟ್ ನಡೆಯುತ್ತದೆ. ನಟರು ಒಂದೇ ಕೋಣೆಯಲ್ಲಿ ದಿನವಿಡೀ ಕೂತಿರುತ್ತಾರೆ, ಪತ್ರಕರ್ತರು ಸರದಿಯಲ್ಲಿ ಒಳಗೆ ಹೋಗಿ ಕೆಲವೇ ನಿಮಿಷಗಳಲ್ಲಿ ಹೊರಬರುತ್ತಾರೆ. ಪ್ರಚಾರಾಧಿಕಾರಿ ಪಕ್ಕದಲ್ಲೇ ಕೂತು ಗಡಿಯಾರ ನೋಡುತ್ತಿರುತ್ತಾರೆ. ಕೇಳಬಾರದ ವಿಷಯಗಳನ್ನು ಮೊದಲೇ ತಿಳಿಸುವುದೂ ಉಂಟು. ನಟ ಅದೇ ಉತ್ತರವನ್ನು ಆ ದಿನ ಹತ್ತಾರು ಸಲ ಹೇಳಿರುತ್ತಾನೆ.

ಹಿಂದೆ ಎಲ್ಲವೂ ಸಲೀಸಾಗಿತ್ತು ಎಂಬುದೂ ಪೂರ್ತಿ ನಿಜವಲ್ಲ. ಪಿಆರ್‌ಓ ಇಲ್ಲದ ಕಾಲದಲ್ಲಿ ತಾರೆಯ ಹತ್ತಿರ ಹೋಗುವುದು ಸುಲಭವಿದ್ದಿರಬಹುದು, ಆದರೆ ತಾರೆ ಇದ್ದದ್ದೇ ಬೇರೆ ಊರಿನಲ್ಲಿ. 1950 ಮತ್ತು 60ರ ದಶಕದ ಬಹುಪಾಲು ಕನ್ನಡ ಚಿತ್ರಗಳು ತಯಾರಾದದ್ದು ಮದರಾಸಿನ ಸ್ಟುಡಿಯೊಗಳಲ್ಲಿ. ಕಂಠೀರವ ಸ್ಟುಡಿಯೊ ಬೆಂಗಳೂರಿನಲ್ಲಿ ಸ್ಥಾಪನೆಯಾದದ್ದು 1966ರಲ್ಲಿ; ಉದ್ಯಮ ಪೂರ್ತಿಯಾಗಿ ಗಾಂಧಿನಗರದ ಸುತ್ತ ನೆಲೆಗೊಳ್ಳಲು ಇನ್ನೂ ವರ್ಷಗಳು ಹಿಡಿದವು.

“ಸಂದರ್ಶನ ಸಿಗದಿದ್ದರೆ ಬರೆಯಲು ಏನೂ ಇಲ್ಲ”

ಈ ಕಲ್ಪನೆಯನ್ನು ಅಲ್ಲಗಳೆಯಲು ಒಂದೇ ಉದಾಹರಣೆ ಸಾಕು. 1965ರ ಚಳಿಗಾಲದಲ್ಲಿ ‘ಎಸ್ಕ್ವೈರ್’ ಪತ್ರಿಕೆ ಗೇ ಟಲೀಸ್ ಎಂಬ ಯುವ ಬರಹಗಾರನನ್ನು ಗಾಯಕ, ನಟ ಫ್ರಾಂಕ್ ಸಿನಾಟ್ರಾನ ಬಗ್ಗೆ ಬರೆಯಲು ಲಾಸ್ ಏಂಜಲೀಸ್‌ಗೆ ಕಳಿಸಿತು. ಸಿನಾಟ್ರಾಗೆ ನೆಗಡಿಯಾಗಿದೆ, ಸಂದರ್ಶನ ಇಲ್ಲ ಎಂಬ ಉತ್ತರ ಬಂತು. ಟಲೀಸ್ ವಾಪಸು ಹೊರಡಲಿಲ್ಲ. ಸುಮಾರು ಮೂರು ತಿಂಗಳ ಕಾಲ ಸಿನಾಟ್ರಾನ ಸುತ್ತಲಿನವರನ್ನು ಕಂಡು ಮಾತಾಡಿಸಿದ. ಸಿನಾಟ್ರಾ ಕ್ಲಬ್ಬಿನಲ್ಲಿ ಹೇಗೆ ನಿಲ್ಲುತ್ತಾನೆ, ಧ್ವನಿಮುದ್ರಣದಲ್ಲಿ ಹೇಗೆ ಸಿಡುಕುತ್ತಾನೆ, ಒಬ್ಬ ಮನುಷ್ಯನ ನೆಗಡಿಯಿಂದ ಅವನನ್ನು ನೆಚ್ಚಿದ ಎಷ್ಟು ಜನರ ಕೆಲಸ ಏರುಪೇರಾಗುತ್ತದೆ ಎಂಬುದನ್ನೆಲ್ಲ ದೂರದಿಂದ ನೋಡಿ ಟಿಪ್ಪಣಿ ಮಾಡಿಕೊಂಡ. 1966ರ ಏಪ್ರಿಲ್ ಸಂಚಿಕೆಯಲ್ಲಿ ಬಂದ ಆ ಲೇಖನದಲ್ಲಿ ಸಿನಾಟ್ರಾ ಟಲೀಸ್‌ನೊಂದಿಗೆ ಕೂತು ಹೇಳಿದ ಒಂದು ಮಾತೂ ಇಲ್ಲ. ಆದರೂ ಅದನ್ನು ವ್ಯಕ್ತಿಚಿತ್ರ ಬರವಣಿಗೆಯ ಪಾಠವಾಗಿ ಪತ್ರಿಕೋದ್ಯಮ ತರಗತಿಗಳಲ್ಲಿ ಇಂದಿಗೂ ಓದಿಸುತ್ತಾರೆ.

ಕನ್ನಡ ಸಿನಿಮಾ ಪುಟಗಳಲ್ಲಿ ಈ ದಾರಿಯನ್ನು ಹಿಡಿದವರು ಕಡಿಮೆ. ಮೇಕಪ್ ಮಾಡುವವರು, ಪ್ರೊಡಕ್ಷನ್ ಮ್ಯಾನೇಜರ್, ಸಾಹಸ ಕಲಾವಿದರು, ಸಂಕಲನಕಾರರು ತಾರೆಯ ಬಗ್ಗೆ ತಾರೆಗಿಂತ ಹೆಚ್ಚು ಬಲ್ಲರು. ಅವರನ್ನು ಕಾಣಲು ಯಾರ ಅಪ್ಪಣೆಯೂ ಬೇಕಿಲ್ಲ.

ಇದಕ್ಕೆ ಅಂಟಿಕೊಂಡ ಇನ್ನೊಂದು ನಂಬಿಕೆ, ಸಂದರ್ಶನವೆಂದರೆ ಕೂತು ಮಾತಾಡುವುದಷ್ಟೇ ಎಂಬುದು. ಫ್ರೆಂಚ್ ವಿಮರ್ಶಕ, ನಿರ್ದೇಶಕ ಫ್ರಾನ್ಸ್ವಾ ತ್ರೂಫೋ 1962ರ ಆಗಸ್ಟ್ 13ರಂದು, ಆಲ್ಫ್ರೆಡ್ ಹಿಚ್‌ಕಾಕ್‌ನ 63ನೇ ಹುಟ್ಟುಹಬ್ಬದ ದಿನ, ಯೂನಿವರ್ಸಲ್ ಸ್ಟುಡಿಯೊದಲ್ಲಿ ಒಂದು ಸಂದರ್ಶನ ಆರಂಭಿಸಿದ. ತಿಂಗಳುಗಳ ಮೊದಲೇ ಪತ್ರ ಬರೆದು ಉದ್ದೇಶ ತಿಳಿಸಿದ್ದ. ಹಿಚ್‌ಕಾಕ್‌ನ ಚಿತ್ರಗಳನ್ನು ಒಂದೊಂದಾಗಿ ನೋಡಿ ಪ್ರಶ್ನೆಗಳನ್ನು ಸಿದ್ಧಪಡಿಸಿಕೊಂಡಿದ್ದ. ಒಬ್ಬನ ಭಾಷೆ ಇನ್ನೊಬ್ಬನಿಗೆ ಸರಿಯಾಗಿ ಬಾರದ ಕಾರಣ ಹೆಲೆನ್ ಸ್ಕಾಟ್ ನಡುವೆ ಕೂತು ಅನುವಾದಿಸುತ್ತ ಹೋದರು. ಪುಸ್ತಕವಾಗಿ ಹೊರಬರಲು 1966ರವರೆಗೆ ಕಾಯಬೇಕಾಯಿತು. ಕೆಲವು ದಿನಗಳ ಮಾತಿನ ಹಿಂದೆ ತಿಂಗಳುಗಳ ಓದು, ಅದರ ಮುಂದೆ ವರ್ಷಗಳ ತಿದ್ದುಪಡಿ ಇತ್ತು.

“ಉದ್ಧರಣ ಚಿಹ್ನೆಯೊಳಗಿರುವುದೆಲ್ಲ ತಾರೆ ಆಡಿದ ಮಾತೇ”

1930 ಮತ್ತು 40ರ ದಶಕದ ಅಮೆರಿಕದ ಅಭಿಮಾನಿ ಪತ್ರಿಕೆಗಳಲ್ಲಿ ನಟಿಯರ ಹೆಸರಿನಲ್ಲೇ ಬಂದ ಅನೇಕ ಲೇಖನಗಳನ್ನು ಬರೆದವರು ಸ್ಟುಡಿಯೊಗಳ ಪ್ರಚಾರ ವಿಭಾಗದ ನೌಕರರು ಮತ್ತು ಕೂಲಿಗೆ ಬರೆಯುವ ಲೇಖಕರು. ನಟಿ ಆ ಬರಹವನ್ನು ಓದಿರಲೇಬೇಕೆಂದೂ ಇರಲಿಲ್ಲ. ಇಂದು ಅದರ ಜಾಗಕ್ಕೆ ಇಮೇಲ್ ಸಂದರ್ಶನ, ವಾಟ್ಸ್‌ಆ್ಯಪ್ ಧ್ವನಿ ಸಂದೇಶ ಬಂದಿವೆ. ಉತ್ತರ ಬರೆದದ್ದು ತಾರೆಯೋ ತಾರೆಯ ತಂಡವೋ ವರದಿಗಾರರಿಗೂ ಗೊತ್ತಾಗುವುದಿಲ್ಲ. ಹಾಗಿದ್ದಾಗ ಉತ್ತರಗಳು ಲಿಖಿತವಾಗಿ ಬಂದವು ಎಂದು ಓದುಗರಿಗೆ ತಿಳಿಸುವುದು ಪ್ರಾಮಾಣಿಕ ಕ್ರಮ.

ಕನ್ನಡದ ಸಂದರ್ಭದಲ್ಲಿ ಇನ್ನೊಂದು ತೊಡಕಿದೆ. ಮುಂಬೈಯಿಂದಲೋ ಕೊಚ್ಚಿಯಿಂದಲೋ ಬಂದ ನಾಯಕಿ ಇಂಗ್ಲಿಷ್‌ನಲ್ಲಿ ಮಾತಾಡುತ್ತಾರೆ. ಮಂಡ್ಯದ ಹಾಸ್ಯನಟ ತನ್ನೂರಿನ ಕನ್ನಡದಲ್ಲಿ, ಬೆಂಗಳೂರಿನ ಯುವ ನಟ ಅರ್ಧ ಕನ್ನಡ ಅರ್ಧ ಇಂಗ್ಲಿಷ್‌ನಲ್ಲಿ. ಮರುದಿನದ ಪತ್ರಿಕೆಯಲ್ಲಿ ಮೂವರೂ ಒಂದೇ ಗ್ರಾಂಥಿಕ ಕನ್ನಡ ಆಡಿರುತ್ತಾರೆ. ಇದು ಸುಳ್ಳಲ್ಲ, ಸಾರ ಬದಲಾಗದಂತೆ ಮಾತನ್ನು ಓರಣಗೊಳಿಸುವುದು ಪತ್ರಿಕೆಗಳ ಒಪ್ಪಿತ ಪದ್ಧತಿ. ಆದರೆ ಆ ಕ್ರಮದಲ್ಲಿ ಆಡಿದವನ ದನಿ ಕಳೆದುಹೋಗುತ್ತದೆ. ‘ಬಹುಶಃ’ ಎಂದು ಹಿಂಜರಿದ ಮಾತು ಖಡಾಖಂಡಿತ ಹೇಳಿಕೆಯಾಗಿಬಿಡುತ್ತದೆ. “ನಾನು ಹಾಗೆ ಹೇಳಿಯೇ ಇಲ್ಲ” ಎಂದು ತಾರೆಯರು ಸಿಟ್ಟಾಗುವ ಪ್ರಸಂಗಗಳಲ್ಲಿ ಕೆಲವು ಇಲ್ಲಿಂದಲೇ ಹುಟ್ಟುತ್ತವೆ, ಎರಡೂ ಕಡೆ ದುರುದ್ದೇಶ ಇಲ್ಲದೆಯೂ. ಧ್ವನಿಮುದ್ರಿಕೆಯನ್ನು ಕೂಡಲೇ ಅಳಿಸಬಾರದು ಎಂದು ಅನುಭವಿಗಳು ಹೇಳುವುದು ಇದಕ್ಕಾಗಿ.

“ನಗುನಗುತ್ತ ಮಾತಾಡಿದರೆಂದರೆ ಗೆಳೆತನವಾಯಿತು”

ಯುವ ವರದಿಗಾರರನ್ನು ಎಲ್ಲಕ್ಕಿಂತ ಹೆಚ್ಚು ಪೇಚಿಗೆ ಸಿಲುಕಿಸುವ ನಂಬಿಕೆ ಇದು. ತಾರೆಯರ ಸಲಿಗೆ ಎಷ್ಟೋ ಸಲ ಕೃತಕವಲ್ಲ; ದಿನವಿಡೀ ಕ್ಯಾಮೆರಾ ಎದುರಿಸುವವರಿಗೆ ಕುತೂಹಲದಿಂದ ಕೇಳುವ ಒಬ್ಬ ಹುಡುಗ ಸಿಕ್ಕರೆ ಹಿತವೆನಿಸುತ್ತದೆ. ಆದರೆ ಒಬ್ಬರು ಬರೆಯಲು ಬಂದವರು, ಇನ್ನೊಬ್ಬರು ಬರೆಸಿಕೊಳ್ಳಲು ಒಪ್ಪಿದವರು ಎಂಬ ಸಂಬಂಧ ಆ ಹಿತದಿಂದ ಬದಲಾಗುವುದಿಲ್ಲ.

ಕ್ಯಾಮರನ್ ಕ್ರೋ ಕತೆ ಇದಕ್ಕೆ ಹೆಸರಾಂತ ನಿದರ್ಶನ. 1957ರಲ್ಲಿ ಹುಟ್ಟಿದ ಈ ಹುಡುಗ ಶಾಲಾ ದಿನಗಳಲ್ಲೇ ಸಂಗೀತ ವಿಮರ್ಶೆ ಬರೆಯತೊಡಗಿ, ‘ಕ್ರೀಮ್’ ಪತ್ರಿಕೆಯ ಲೆಸ್ಟರ್ ಬ್ಯಾಂಗ್ಸ್‌ನ ಮಾರ್ಗದರ್ಶನ ಪಡೆದು, 1973ರಲ್ಲಿ ‘ರೋಲಿಂಗ್ ಸ್ಟೋನ್’ಗಾಗಿ ಆಲ್ಮನ್ ಬ್ರದರ್ಸ್ ವಾದ್ಯವೃಂದದ ಜೊತೆ ಊರೂರು ಸುತ್ತಿದ. ಆ ತಂಡದ ಡ್ವೇನ್ ಆಲ್ಮನ್ 1971ರಲ್ಲಿ, ಬೆರಿ ಓಕ್ಲಿ 1972ರಲ್ಲಿ ಅಪಘಾತಗಳಲ್ಲಿ ತೀರಿಕೊಂಡಿದ್ದರು. ಉಳಿದವರು ಆ ದುಃಖದಲ್ಲೇ ಹಾಡುತ್ತಿದ್ದರು. ಹದಿನಾರರ ಹುಡುಗನ ಮುಂದೆ ಅವರು ಮನಬಿಚ್ಚಿ ಮಾತಾಡಿದರು. ಪ್ರವಾಸದ ಕೊನೆಗೆ ಗ್ರೆಗ್ ಆಲ್ಮನ್‌ಗೆ ಅನುಮಾನ ಹೊಕ್ಕು, ಟೇಪುಗಳನ್ನೆಲ್ಲ ಕಿತ್ತುಕೊಂಡ. ಕೆಲವು ದಿನಗಳ ನಂತರ ಅವು ವಾಪಸು ಬಂದವು, ಲೇಖನ ಮುಖಪುಟದಲ್ಲಿ ಬಂತು. ಹುಡುಗನ ಪಾಲಿಗೆ ಗೆಳೆತನವಾಗಿ ಕಂಡದ್ದು ಆ ಕಲಾವಿದನ ಪಾಲಿಗೆ ತನ್ನ ಅಣ್ಣ ಡ್ವೇನ್‌ನ ಸಾವನ್ನು ಅಪರಿಚಿತನೊಬ್ಬನ ಕೈಗೆ ಕೊಟ್ಟ ಭಯವಾಗಿತ್ತು. ಅವನ ಅನುಮಾನದಲ್ಲಿ ನ್ಯಾಯವಿತ್ತು.

ಇದಕ್ಕೆ ಎದುರಾದ ಪ್ರಸಂಗ 1957ರದು. ‘ಸಯೊನಾರಾ’ ಚಿತ್ರೀಕರಣಕ್ಕೆಂದು ಮರ್ಲಾನ್ ಬ್ರಾಂಡೊ ಜಪಾನಿನ ಕ್ಯೋಟೊದಲ್ಲಿದ್ದಾಗ ಲೇಖಕ ಟ್ರೂಮನ್ ಕಪೋಟಿ ಅವನ ಹೋಟೆಲ್ ಕೋಣೆಯಲ್ಲಿ ಒಂದು ರಾತ್ರಿ ಹರಟಿದ. ತನ್ನ ಸ್ವಂತ ಸಂಕಟಗಳನ್ನು ಮೊದಲು ಹೇಳಿಕೊಂಡು ಬ್ರಾಂಡೊನನ್ನು ಮಾತಿಗೆಳೆದ. ಬ್ರಾಂಡೊ ತಾಯಿಯ ಕುಡಿತದ ಬಗ್ಗೆಯೂ ಬಾಯಿಬಿಟ್ಟ. ಕಪೋಟಿ ಎದುರಿಗೆ ಟಿಪ್ಪಣಿ ಬರೆದುಕೊಳ್ಳಲಿಲ್ಲ. ‘ದಿ ನ್ಯೂಯಾರ್ಕರ್’ನ ನವೆಂಬರ್ ಸಂಚಿಕೆಯಲ್ಲಿ ಎಲ್ಲವೂ ಅಚ್ಚಾಯಿತು. ಲೇಖನ ಅದ್ಭುತವಾಗಿದೆ. ಆದರೆ ಒಬ್ಬ ಮನುಷ್ಯನ ನಂಬಿಕೆಯನ್ನು ಸಲಕರಣೆಯಾಗಿ ಬಳಸಿಕೊಂಡು ಬರೆದದ್ದು ಎಂಬ ಕಳಂಕ ಅದಕ್ಕೆ ಅಂಟಿದೆ, ಅಂಟಬೇಕಾದದ್ದೇ.

‘ಆಫ್ ದಿ ರೆಕಾರ್ಡ್’ ಎಂಬ ಮಾತಿನ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಎಲ್ಲ ಹೇಳಿಯಾದ ಮೇಲೆ ತಾರೆ “ಇದನ್ನು ಬರೀಬೇಡಿ” ಎಂದರೆ ವರದಿಗಾರ ತಾನಾಗಿಯೇ ಕಟ್ಟುಬೀಳುತ್ತಾನೆ ಎಂದು ಅನೇಕರು ಭಾವಿಸಿದ್ದಾರೆ. ವೃತ್ತಿಯ ರೂಢಿಯಂತೆ ಅದು ಮಾತಿಗೆ ಮೊದಲು ಇಬ್ಬರೂ ಒಪ್ಪಿಕೊಳ್ಳಬೇಕಾದ ಕರಾರು. ಹಾಗಿದ್ದೂ ಹದಿಹರೆಯದ ಹೊಸ ನಟಿ ಅರಿಯದೆ ಆಡಿದ ಮಾತನ್ನು ಆ ನಿಯಮದ ನೆಪದಲ್ಲಿ ಅಚ್ಚು ಹಾಕುವುದು ಬೇರೆ, ಅಧಿಕಾರವುಳ್ಳ ನಿರ್ಮಾಪಕ ಜಾಣತನದಿಂದ ಹಿಂತೆಗೆದುಕೊಳ್ಳಲು ನೋಡುವ ಮಾತನ್ನು ಅಚ್ಚು ಹಾಕುವುದು ಬೇರೆ. ವಿವೇಚನೆ ಬೇಕಾದದ್ದು ಅಲ್ಲಿ.

“ತೆರೆಯ ಮೇಲೆ ಹೇಗೋ ಹೊರಗೂ ಹಾಗೆಯೇ”

ಹೀಗೆ ನಂಬುವವರು ಇಂದು ಕಡಿಮೆ. ತೆರೆಯ ಮೇಲೆ ಅಬ್ಬರಿಸಿದ ವಜ್ರಮುನಿ ಅವರ ಸೌಮ್ಯ ಸ್ವಭಾವವನ್ನು ಒಡನಾಡಿದವರೆಲ್ಲ ಹೇಳುತ್ತ ಬಂದದ್ದರಿಂದ ಖಳನಟರ ಬಗ್ಗೆ ಕನ್ನಡಿಗರಿಗಿದ್ದ ಭ್ರಮೆ ಕರಗಿದೆ. ಈಗ ಅದರ ಜಾಗದಲ್ಲಿ ಕೂತಿರುವುದು ಇನ್ನೊಂದು ನಂಬಿಕೆ: ಒಮ್ಮೆ ಎದುರಿಗೆ ಕಂಡರೆ ‘ನಿಜವಾದ’ ಮನುಷ್ಯ ಗೊತ್ತಾಗುತ್ತಾನೆ ಎಂಬುದು. ರಾತ್ರಿ ಪಾಳಿಯ ಚಿತ್ರೀಕರಣ ಮುಗಿಸಿ ಬೆಳಿಗ್ಗೆ ಪ್ರೆಸ್ ಮೀಟ್‌ಗೆ ಬಂದವರ ಮೌನ ಅಹಂಕಾರವಾಗಿ ವರದಿಯಾಗುತ್ತದೆ. ಚಿತ್ರ ಬಿಡುಗಡೆಯ ವಾರದ ಅತಿ ವಿನಯ ಸರಳತೆಯಾಗಿ ವರದಿಯಾಗುತ್ತದೆ. ಹತ್ತು ನಿಮಿಷದ ಭೇಟಿಯಿಂದ ಹೇಳಬಹುದಾದದ್ದು ಆ ಹತ್ತು ನಿಮಿಷದ ನಡವಳಿಕೆ ಮಾತ್ರ.

“ತಾರೆಯರಿಗೆ ಖಾಸಗಿ ಬದುಕಿಲ್ಲ, ಅವರ ಬಗ್ಗೆ ಬರೆದರೆ ಮಾನಹಾನಿ”

ಇವು ಒಂದಕ್ಕೊಂದು ವಿರುದ್ಧವಾದ ಎರಡು ನಂಬಿಕೆಗಳು. ವಿಚಿತ್ರವೆಂದರೆ ಎರಡೂ ಒಟ್ಟಿಗೇ ಚಾಲ್ತಿಯಲ್ಲಿವೆ. ಮೊದಲನೆಯದರ ಪರಿಣಾಮವನ್ನು ದಕ್ಷಿಣ ಭಾರತದ ಚಿತ್ರರಂಗ ಬಹಳ ಹಿಂದೆಯೇ ಕಂಡಿದೆ. 1940ರ ದಶಕದ ಮದರಾಸಿನಲ್ಲಿ ಸಿ.ಎನ್. ಲಕ್ಷ್ಮೀಕಾಂತನ್ ‘ಸಿನಿಮಾ ತೂದು’ ಎಂಬ ಪತ್ರಿಕೆಯಲ್ಲಿ ನಟನಟಿಯರ ಖಾಸಗಿ ಬದುಕಿನ ಬಗ್ಗೆ ಹೀನಾಯವಾಗಿ ಬರೆಯುತ್ತಿದ್ದರು. ಚಿತ್ರರಂಗದವರು ಗವರ್ನರ್‌ಗೆ ದೂರು ಕೊಟ್ಟರು, ಪತ್ರಿಕೆ ನಿಂತಿತು. ಅವರು ‘ಹಿಂದೂ ನೇಸನ್’ ಎಂಬ ಇನ್ನೊಂದು ಪತ್ರಿಕೆಯಲ್ಲಿ ಅದನ್ನೇ ಮುಂದುವರಿಸಿದರು. 1944ರ ನವೆಂಬರ್ 8ರಂದು ವೇಪೇರಿಯಲ್ಲಿ ಅವರನ್ನು ಇರಿಯಲಾಯಿತು, ಮರುದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ತಮಿಳು ಚಿತ್ರರಂಗದ ಅಂದಿನ ಅತಿ ದೊಡ್ಡ ತಾರೆ ಎಂ.ಕೆ. ತ್ಯಾಗರಾಜ ಭಾಗವತರ್ ಮತ್ತು ಹಾಸ್ಯನಟ ಎನ್.ಎಸ್. ಕೃಷ್ಣನ್ ಬಂಧಿತರಾಗಿ ಜೀವಾವಧಿ ಶಿಕ್ಷೆಗೆ ಒಳಗಾದರು. ಪ್ರಕರಣ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿ ಮರಳಿ ಮದರಾಸು ಹೈಕೋರ್ಟಿಗೆ ಬಂತು. 1947ರಲ್ಲಿ ಇಬ್ಬರೂ ನಿರ್ದೋಷಿಗಳೆಂದು ಬಿಡುಗಡೆಯಾದರು. ಕೃಷ್ಣನ್ ಮತ್ತೆ ತಲೆಯೆತ್ತಿದರು, ಭಾಗವತರ್ ಅವರ ವೈಭವ ಮರಳಲಿಲ್ಲ. ಗಾಸಿಪ್ ಯಾರಿಗೂ ನಷ್ಟವಿಲ್ಲದ ವಿನೋದ ಎನ್ನುವವರು ಈ ಒಂದು ಪ್ರಕರಣವನ್ನು ಓದಬೇಕು. ಬರೆದವರು ಪ್ರಾಣ ಕಳೆದುಕೊಂಡರು, ಬರೆಸಿಕೊಂಡವರು ಬದುಕಿನ ವರ್ಷಗಳನ್ನು ಕಳೆದುಕೊಂಡರು, ಕೊಂದವರು ಯಾರೆಂಬುದು ಇತ್ಯರ್ಥವಾಗಲೇ ಇಲ್ಲ.

ಕಾನೂನು ಇಂದು ಸಾಕಷ್ಟು ಸ್ಪಷ್ಟವಾಗಿದೆ. 1994ರಲ್ಲಿ ತಮಿಳಿನ ‘ನಕ್ಕೀರನ್’ ಪತ್ರಿಕೆಯ ಸಂಪಾದಕ ಆರ್. ರಾಜಗೋಪಾಲ್ ಮತ್ತು ತಮಿಳುನಾಡು ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವ್ಯಕ್ತಿಯ ಕುಟುಂಬ, ದಾಂಪತ್ಯ ಮೊದಲಾದ ಖಾಸಗಿ ವಿಷಯಗಳನ್ನು ಒಪ್ಪಿಗೆಯಿಲ್ಲದೆ ಪ್ರಕಟಿಸುವಂತಿಲ್ಲ ಎಂದಿತು. ನ್ಯಾಯಾಲಯದ ಕಡತದಂಥ ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನು ಪ್ರಕಟಿಸಬಹುದು ಎಂಬ ವಿನಾಯಿತಿಯನ್ನೂ ಕೊಟ್ಟಿತು. 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪಿತ್ತಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತಾರೆಯರಿಗೆ ಈ ಹಕ್ಕು ಇಲ್ಲವೆಂದು ಎಲ್ಲೂ ಹೇಳಿಲ್ಲ.

ಎರಡನೆಯ ನಂಬಿಕೆಯೂ ಅಷ್ಟೇ ತಪ್ಪು. ನಟನೆ ಕೆಟ್ಟದಾಗಿದೆ ಎಂದು ಬರೆದರೆ ಮಾನನಷ್ಟ ಮೊಕದ್ದಮೆ ಹಾಕುತ್ತೇವೆ ಎಂಬ ಬೆದರಿಕೆ ಹೊಸ ವಿಮರ್ಶಕರಿಗೆ ಆಗಾಗ ಬರುತ್ತದೆ. ಮಾನಹಾನಿಯನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 499ನೇ ಸೆಕ್ಷನ್‌ಗೆ ಇದ್ದ ಆರನೇ ವಿನಾಯಿತಿಯೇ ಇದಕ್ಕೆ ಉತ್ತರ. ಸಾರ್ವಜನಿಕರ ತೀರ್ಮಾನಕ್ಕೆ ಒಪ್ಪಿಸಿದ ಕೃತಿ ಅಥವಾ ಪ್ರದರ್ಶನದ ಗುಣಾವಗುಣದ ಬಗ್ಗೆ ಸದ್ಭಾವನೆಯಿಂದ ಅಭಿಪ್ರಾಯ ಹೇಳುವುದು ಮಾನಹಾನಿಯಲ್ಲ. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಲ್ಲೂ ಈ ವಿನಾಯಿತಿ ಉಳಿದಿದೆ. ಚಿತ್ರ ನೀರಸ, ನಾಯಕನ ಅಭಿನಯ ಪೇಲವ ಎಂದು ಬರೆಯಬಹುದು. ಆ ನಾಯಕನ ಮನೆಯ ಜಗಳವನ್ನು ಊಹಿಸಿ ಬರೆಯಲಾಗದು. ವಿನಾಯಿತಿ ಇರುವುದು ತೆರೆಯ ಮೇಲಿನ ಕೆಲಸಕ್ಕೆ.

“ದೊಡ್ಡ ತಾರೆ ಮುನಿಸಿಕೊಂಡರೆ ಪತ್ರಿಕೆಯ ಕತೆ ಮುಗಿಯಿತು”

ಅಮಿತಾಭ್ ಬಚ್ಚನ್ ಮತ್ತು ಬೊಂಬಾಯಿಯ ಸಿನಿಮಾ ಪತ್ರಿಕೆಗಳ ನಡುವೆ 1970ರ ದಶಕದಲ್ಲಿ ಶುರುವಾದ ಬಹಿಷ್ಕಾರ ದೀರ್ಘ ಕಾಲ ನಡೆಯಿತು. ತುರ್ತು ಪರಿಸ್ಥಿತಿಯಲ್ಲಿ ಗಾಸಿಪ್ ಮೇಲೆ ಬಂದ ನಿರ್ಬಂಧದ ಹಿಂದೆ ಅವರಿದ್ದಾರೆ ಎಂಬ ಗುಮಾನಿಯಿಂದ ಪತ್ರಿಕೆಗಳು ಅವರ ಬಗ್ಗೆ ಬರೆಯುವುದನ್ನು ನಿಲ್ಲಿಸಿದವು. ಆ ಆರೋಪವನ್ನು ನಿರಾಕರಿಸಿದ ಬಚ್ಚನ್ ಪತ್ರಕರ್ತರನ್ನು ತಮ್ಮ ಸೆಟ್‌ಗಳಿಂದ ದೂರವಿಟ್ಟರು. ಅದೇ ವರ್ಷಗಳಲ್ಲಿ ಅವರ ಚಿತ್ರಗಳು ಭರ್ಜರಿಯಾಗಿ ಓಡಿದವು, ಪತ್ರಿಕೆಗಳೂ ಮಾರಾಟವಾದವು. ಪತ್ರಿಕೆಯನ್ನು ನಿಜವಾಗಿ ಮಣಿಸುವುದು ತಾರೆಯ ಮುನಿಸಿಗಿಂತ ಹೆಚ್ಚಾಗಿ ಚಿತ್ರದ ಜಾಹೀರಾತು. ಅದು ಕೆಲಸ ಮಾಡುವುದು ಸದ್ದಿಲ್ಲದೆ. 1980ರಲ್ಲಿ ಆರಂಭವಾದ ‘ಲಂಕೇಶ್ ಪತ್ರಿಕೆ’ಗೆ ಜಾಹೀರಾತೇ ಇಲ್ಲದೆ ಓದುಗರ ಹಣದ ಮೇಲೆ ನಿಂತು, ತನಗೆ ತೋಚಿದ ಹಾಗೆ ಸಿನಿಮಾಗಳ ಬಗ್ಗೆ ಬರೆಯಲು ಸಾಧ್ಯವಾದದ್ದು ಈ ಕಾರಣದಿಂದಲೇ.

“ಸಿನಿಮಾ ಬೀಟ್ ಗಂಭೀರ ಪತ್ರಿಕೋದ್ಯಮವಲ್ಲ”

ರಾಜಕೀಯ ವರದಿಗಾರಿಕೆಗೆ ಹೋಗಲಾಗದವರು ಇಲ್ಲಿ ಉಳಿಯುತ್ತಾರೆ ಎಂಬ ಭಾವನೆ ಪತ್ರಿಕಾ ಕಚೇರಿಗಳ ಒಳಗೇ ಇದೆ. ಆದರೆ ಇಟಲಿಯ ಪತ್ರಕರ್ತೆ ಒರಿಯಾನಾ ಫಲಾಚಿ ಹೆಸರು ಮಾಡಿದ್ದು ನಟನಟಿಯರ ಸಂದರ್ಶನಗಳಿಂದ. ಹಾಲಿವುಡ್ ಬಗೆಗಿನ ಅವರ ಪುಸ್ತಕ 1958ರಲ್ಲಿ ಬಂತು. ತಾರೆಯರ ಹುಸಿ ಮಾತುಗಳನ್ನು ಭೇದಿಸಿ ಕೇಳುವ ಆ ಪಳಗಿದ ಪ್ರಶ್ನೆಗಳನ್ನೇ ಅವರು 1972ರಲ್ಲಿ ಅಮೆರಿಕದ ರಾಜತಂತ್ರಜ್ಞ ಕಿಸಿಂಜರ್ ಮುಂದೆ, 1979ರಲ್ಲಿ ಇರಾನಿನ ಅಯಾತೊಲ್ಲಾ ಖೊಮೇನಿ ಮುಂದೆ ಇಟ್ಟರು. ರೋಜರ್ ಎಬರ್ಟ್ 24ರ ವಯಸ್ಸಿನಲ್ಲಿ, 1967ರಲ್ಲಿ ‘ಷಿಕಾಗೊ ಸನ್-ಟೈಮ್ಸ್’ನ ಚಿತ್ರವಿಮರ್ಶಕರಾದರು, 1975ರಲ್ಲಿ ಪುಲಿಟ್ಜರ್ ಪಡೆದ ಮೊದಲ ಚಿತ್ರವಿಮರ್ಶಕರೆನಿಸಿದರು. ಖ್ವಾಜಾ ಅಹ್ಮದ್ ಅಬ್ಬಾಸ್ 1930ರ ದಶಕದಲ್ಲಿ ‘ಬಾಂಬೆ ಕ್ರಾನಿಕಲ್’ಗೆ ಚಿತ್ರವಿಮರ್ಶೆ ಬರೆಯುತ್ತಿದ್ದ ಯುವಕ; ಮುಂದೆ ‘ಆವಾರಾ’ದಂಥ ಚಿತ್ರಗಳಿಗೆ ಕತೆ ಬರೆದರು. 2017ರ ಅಕ್ಟೋಬರ್‌ನಲ್ಲಿ ನಿರ್ಮಾಪಕ ಹಾರ್ವಿ ವೈನ್‌ಸ್ಟೀನ್‌ನ ದೌರ್ಜನ್ಯಗಳನ್ನು ಬಯಲಿಗೆಳೆದ ‘ನ್ಯೂಯಾರ್ಕ್ ಟೈಮ್ಸ್’ ಮತ್ತು ‘ನ್ಯೂಯಾರ್ಕರ್’ ವರದಿಗಳು ಮನರಂಜನಾ ಉದ್ಯಮದ ಕುರಿತ ಬರವಣಿಗೆಯೇ. ಅವು ಹೊರಬರುವ ಮೊದಲು ಅದೇ ಸಂಗತಿಗಳು ವರ್ಷಗಟ್ಟಲೆ ಪಿಸುಮಾತಾಗಿ ಹರಿದಾಡಿದ್ದವು. ಪಿಸುಮಾತನ್ನು ಸಾಕ್ಷ್ಯವಾಗಿಸಲು ದಾಖಲೆ, ಹೆಸರು ಹೇಳಲು ಒಪ್ಪಿದ ಹೆಂಗಸರ ಧೈರ್ಯ, ತಿಂಗಳುಗಳ ತಾಳ್ಮೆ ಬೇಕಾದವು.

ಕನ್ನಡದಲ್ಲಿ ಸಿನಿಮಾ, ರಂಗಭೂಮಿ ಕುರಿತು ಬರೆಯುತ್ತ ಬಂದ ಪತ್ರಕರ್ತೆ ವಿಜಯಾ ಅವರ ಆತ್ಮಕತೆ ‘ಕುದಿ ಎಸರು’ 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಕನ್ನಡ ಚಿತ್ರರಂಗದ ಚರಿತ್ರೆ ಹೇಳುವ ಕೆ. ಪುಟ್ಟಸ್ವಾಮಿಯವರ ‘ಸಿನಿಮಾ ಯಾನ’ 57ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಸಿನಿಮಾ ಪುಸ್ತಕವೆನಿಸಿತು. ಇಂಥ ಚರಿತ್ರೆಗಳಿಗೆ ಆಧಾರವಾಗುವ ಸಾಮಗ್ರಿಯಲ್ಲಿ ಹಳೆಯ ಸಿನಿಮಾ ಪುಟಗಳೂ ಸೇರುತ್ತವೆ. ಹೆಸರೇ ಉಳಿಯದ ವರದಿಗಾರರೊಬ್ಬರು ಮುಹೂರ್ತದ ದಿನ ಬರೆದುಕೊಂಡ ತಾರೀಖು ಎಷ್ಟೋ ಸಲ ಒಂದು ಚಿತ್ರದ ಬಗ್ಗೆ ಉಳಿದ ಏಕೈಕ ದಾಖಲೆಯಾಗಿರುತ್ತದೆ.

“ನೆನಪುಗಳು ಕಂಡದ್ದನ್ನು ಕಂಡಂತೆ ಹೇಳುತ್ತವೆ”

ನೆನಪು ಪ್ರತಿ ಸಲ ಹೇಳಿದಾಗಲೂ ಸ್ವಲ್ಪ ಬದಲಾಗುತ್ತದೆ ಎಂಬುದನ್ನು ಮನೋವಿಜ್ಞಾನ ಚೆನ್ನಾಗಿ ಸ್ಥಾಪಿಸಿದೆ. ತಾರೆಯರ ಭೇಟಿಯಂಥ ಪ್ರಸಂಗವನ್ನು ಪತ್ರಕರ್ತರು ನೂರಾರು ಸಲ ಹೇಳಿರುತ್ತಾರೆ. ಕೇಳುಗರು ನಕ್ಕ ಜಾಗ ಉದ್ದವಾಗುತ್ತದೆ, ಬೇಸರಪಟ್ಟ ಜಾಗ ಉದುರುತ್ತದೆ. ಮುಂದೆ ಆ ನಟ ಸೂಪರ್‌ಸ್ಟಾರ್ ಆದರೆ, ಮೊದಲ ಭೇಟಿಯಲ್ಲೇ ಅದು ಗೊತ್ತಾಗಿತ್ತು ಎಂಬ ಮಾತು ತಾನಾಗಿ ಸೇರಿಕೊಳ್ಳುತ್ತದೆ. ಕ್ಯಾಮರನ್ ಕ್ರೋ ತನ್ನ ಹರೆಯದ ಅನುಭವಗಳಿಂದ ‘ಆಲ್ಮೋಸ್ಟ್ ಫೇಮಸ್’ ಚಿತ್ರ ಮಾಡಿದಾಗ, 2000ನೇ ಇಸವಿಯಲ್ಲಿ, ವಾದ್ಯವೃಂದಕ್ಕೆ ‘ಸ್ಟಿಲ್‌ವಾಟರ್’ ಎಂಬ ಕಲ್ಪಿತ ಹೆಸರಿಟ್ಟು ಹಲವು ತಂಡಗಳ ಸಂಗತಿಗಳನ್ನು ಅದರಲ್ಲಿ ಬೆರೆಸಿದ. ಅದು ಕತೆಯೆಂದು ಒಪ್ಪಿಕೊಂಡ ಕತೆ. ಅದಕ್ಕೆ ಚಿತ್ರಕತೆಯ ಆಸ್ಕರ್ ಬಂತು. ಸಮಸ್ಯೆ ಇರುವುದು ಹಾಗೆ ಬೆರೆಸಿಯೂ ವರದಿಯೆಂದು ಮುಂದಿಡುವ ಬರಹಗಳಲ್ಲಿ.

ನೆನಪಿನ ಬರಹದ ಮೌಲ್ಯವನ್ನು ಅಳೆಯಲು ಕೆಲವು ಸರಳ ದಾರಿಗಳಿವೆ. ಹೇಳಿದ ಚಿತ್ರದ ಚಿತ್ರೀಕರಣ ಆ ವರ್ಷ, ಆ ಊರಿನಲ್ಲಿ ನಡೆದಿತ್ತೇ? ಬರೆದವರು ಆಗ ಆ ಪತ್ರಿಕೆಯಲ್ಲಿದ್ದರೇ? ಅಂದು ಅಚ್ಚಾದ ಸಂದರ್ಶನದಲ್ಲಿ ಈ ಮಾತು ಇದೆಯೇ? ತೀರಿಕೊಂಡ ತಾರೆಯ ಬಾಯಿಗೆ ಹಾಕಿದ ಉದ್ದುದ್ದ ಸಂಭಾಷಣೆಯನ್ನು ಅಳೆಯಲು ಇಷ್ಟೂ ಸಾಲದು. ಅದನ್ನು ದೃಢಪಡಿಸಲು ಸಾಕ್ಷಿಯೇ ಇಲ್ಲ.

ಸತ್ತವರ ಬಗ್ಗೆ ಬರೆಯುವಾಗ ಹೊಗಳಿಕೆ ಮಾತ್ರ ಇರಬೇಕು ಎಂಬ ರೂಢಿಯೂ ನೆನಪುಗಳನ್ನು ಹಾಳುಮಾಡಿದೆ. ಅದನ್ನು ಮುರಿದವರಲ್ಲಿ ಸಾದತ್ ಹಸನ್ ಮಂಟೋ ಮುಖ್ಯರು. 1936ರಲ್ಲಿ ಬೊಂಬಾಯಿಗೆ ಬಂದು ‘ಮುಸವ್ವಿರ್’ ಎಂಬ ಉರ್ದು ಸಿನಿಮಾ ವಾರಪತ್ರಿಕೆ ನಡೆಸಿದ ಮಂಟೋ, ಮುಂದೆ ಬಾಂಬೆ ಟಾಕೀಸ್ ಮತ್ತು ಫಿಲ್ಮಿಸ್ತಾನದಲ್ಲಿ ಚಿತ್ರಕತೆ ಬರೆದು, ದೇಶವಿಭಜನೆಯ ನಂತರ ಲಾಹೋರಿಗೆ ಹೋದರು. ಅಲ್ಲಿ ಕೂತು ಬೊಂಬಾಯಿಯ ತಾರೆಯರನ್ನು ನೆನೆದು ಬರೆದ ವ್ಯಕ್ತಿಚಿತ್ರಗಳು 1952ರಲ್ಲಿ ‘ಗಂಜೇ ಫರಿಶ್ತೆ’ ಎಂಬ ಹೆಸರಿನಲ್ಲಿ ಬಂದವು. ಹುಡುಗಿಯಾಗಿದ್ದ ನರ್ಗಿಸ್, ಮಂಟೋ ಅವರ ನಾದಿನಿಯರೊಂದಿಗೆ ಮೊದಲು ಫೋನಿನಲ್ಲಿ ಸ್ನೇಹ ಬೆಳೆಸಿ ಆಮೇಲೆ ಮನೆಗೆ ಬಂದ ಪ್ರಸಂಗ ಅದರಲ್ಲಿದೆ. ಅಶೋಕ್ ಕುಮಾರ್ ಜೊತೆಗಿನ ಒಡನಾಟ ಇದೆ, ಗೆಳೆಯ ಶ್ಯಾಮ್‌ನ ಕುಡಿತ ಮತ್ತು ಪ್ರೀತಿಗಳೂ ಇವೆ. ತೀರಿಕೊಂಡವರಿಗೆ ಗಂಧ ಹಚ್ಚಿ ಕೂರಿಸುವ ಪದ್ಧತಿಯನ್ನು ಅವರು ಒಪ್ಪಲಿಲ್ಲ, ಅದಕ್ಕಾಗಿ ಬೈಗುಳಗಳನ್ನೂ ಕೇಳಿದರು. ಮಂಟೋ ಬರೆದ ಪ್ರತಿಯೊಂದು ವಿವರವೂ ದಾಖಲೆಯಲ್ಲ, ಅವರು ಕತೆಗಾರ. ಆದರೆ ತಾವು ಎಲ್ಲಿ ನಿಂತು ನೋಡಿದೆವು, ಯಾರಿಂದ ಕೇಳಿದೆವು ಎಂಬುದನ್ನು ಅವರು ಓದುಗರಿಗೆ ಹೇಳುತ್ತ ಹೋಗುತ್ತಾರೆ. ಕಣ್ಣಾರೆ ಕಂಡದ್ದು ಯಾವುದು, ಸ್ಟುಡಿಯೊದಲ್ಲಿ ಕಿವಿಗೆ ಬಿದ್ದದ್ದು ಯಾವುದು ಎಂಬುದನ್ನು ಓದುಗ ಬೇರ್ಪಡಿಸಿಕೊಳ್ಳಬಹುದು.